ಪುಶ್ ಮಾಡಿದ ಮ್ಯಾಲೆ ಒಮ್ಮೆ ನೋಡಬೇಕಲ್ರೀ

ಮೊಬೈಲಿನಲ್ಲಿ ‘ಸೂರ್ಯ’ ಎಂದು ಟೈಪ್ ಮಾಡಿದರೆ ಯಕಾರ ಪೂರ್ತಿಯಾಗಿ ನಿಲ್ಲುತ್ತದೆ, ರಕಾರ ಅರ್ಕಾವೊತ್ತಾಗಿ ಪಕ್ಕಕ್ಕೆ ಸರಿಯುತ್ತದೆ. ‘ರ‍್ಯಾಂಕ್’ ಎಂದು ಟೈಪ್ ಮಾಡಿದರೆ ರಕಾರವೇ ಪೂರ್ತಿಯಾಗಿ ನಿಂತು ಯಕಾರ ಒತ್ತಾಗಬೇಕು. ಎರಡರಲ್ಲೂ ಮೊದಲು ರ, ಆಮೇಲೆ ಯ. ಯಾವುದನ್ನು ಹೇಗೆ ಬರೆಯಬೇಕೆಂದು ಕಂಪ್ಯೂಟರಿಗೆ ತಿಳಿಸಲು ರಕಾರದ ಬೆನ್ನಿಗೆ ಕಣ್ಣಿಗೆ ಕಾಣದ ಜೋಡಕ ಚಿಹ್ನೆಯೊಂದನ್ನು ಇಡಬೇಕೆಂದು ಯೂನಿಕೋಡ್ ಹೇಳುತ್ತದೆ. ಹಳೆಯ ಕಡತಗಳಲ್ಲಿ ಆ ಚಿಹ್ನೆ ಒಂದು ಹೆಜ್ಜೆ ಆಚೆ, ಹಲಂತದ ಬೆನ್ನಿಗೆ ಸಿಗುವುದುಂಟು. ಹಾಗಿದ್ದರೂ ಓದುಗರಿಗೆ ತಪ್ಪು ಅಕ್ಷರ ಕಾಣಬಾರದಲ್ಲ. ಅದಕ್ಕಾಗಿ ಎರಡೂ ಕ್ರಮಗಳನ್ನು ಒಂದೇ ಎಂದು ಎಣಿಸುವ ಕೆಲವು ಸಾಲುಗಳ ಕೋಡ್ ಹಾರ್ಫ್‌ಬಜ್ ಎಂಬ ತಂತ್ರಾಂಶದೊಳಗಿದೆ. ಆ ಸಾಲುಗಳ ತಲೆಯ ಮೇಲೆ ಕನ್ನಡದ ಹೆಸರು ಹಿಡಿದು ಬರೆದ ಟಿಪ್ಪಣಿಯೂ ಇದೆ.

ಪರ್ಷಿಯನ್ ಭಾಷೆಯಲ್ಲಿ ಹರ್ಫ್ ಎಂದರೆ ಅಕ್ಷರ, ಬಾಜ್ ಎಂದರೆ ತೆರೆದದ್ದು. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಎಲ್ಲವೂ ಅಕ್ಷರ ಜೋಡಿಸಲು ನಂಬಿಕೊಂಡಿರುವುದು ಈ ಹಾರ್ಫ್‌ಬಜ್ ಅನ್ನೇ. ಇದು ಮುಕ್ತ ತಂತ್ರಾಂಶ. ಯಾರು ಬೇಕಾದರೂ ತಿದ್ದುಪಡಿ ಕಳಿಸಬಹುದು. ಅರಬ್ಬಿಗೋ ಬರ್ಮೀಸಿಗೋ ಬೇಕಾದ ಬದಲಾವಣೆ ಮಾಡಲು ಹೋದ ಒಬ್ಬರು, ಕನ್ನಡದ ಗಂಧವೇ ಇಲ್ಲದವರು, ಗೊತ್ತಿಲ್ಲದೆ ಈ ಸಾಲುಗಳನ್ನು ಕದಲಿಸಿದರೆ? ಅವರ ಕಣ್ಣಿಗೆ ಆ ತಪ್ಪು ಬೀಳುವುದಿಲ್ಲ. ಅವರಿಗೆ ಓದಲು ಬರುವ ಅಕ್ಷರಗಳೆಲ್ಲ ಸರಿಯಾಗಿಯೇ ಇರುತ್ತವೆ.

ಇಂಥ ತಪ್ಪು ಹಿಡಿಯಲೆಂದೇ ಪ್ರತಿ ತಿದ್ದುಪಡಿಯ ಬೆನ್ನಿಗೆ ಎಲ್ಲೋ ದೂರದ ಸರ್ವರುಗಳು ಎದ್ದು ಕೂರುತ್ತವೆ. ಹೊಸ ಕೋಡನ್ನು ಇಳಿಸಿಕೊಂಡು, ಬೇರೆ ಬೇರೆ ಆಪರೇಟಿಂಗ್ ಸಿಸ್ಟಮ್‌ಗಳಲ್ಲಿ ಮೊದಲಿನಿಂದ ಕಟ್ಟಿ, ಪರೀಕ್ಷೆಗಳನ್ನು ಒಂದೊಂದಾಗಿ ನಡೆಸುತ್ತವೆ. ಹಾರ್ಫ್‌ಬಜ್‌ನ ಪರೀಕ್ಷೆಯ ಕಡತಗಳಲ್ಲಿ ಕನ್ನಡಕ್ಕೆಂದೇ ಒಂದು ಫೋಲ್ಡರ್ ಇದೆ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಚುಕಿದರೆ ಸಾಕು ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಇಲ್ಲಿ ಪ್ರತಿ ಅಗುಳನ್ನೂ ಹಿಚುಕಬೇಕು, ಪ್ರತಿ ಸಲವೂ ಹಿಚುಕಬೇಕು. ಮನುಷ್ಯರಿಗೆ ಅಷ್ಟು ತಾಳ್ಮೆ ಇಲ್ಲವೆಂದೇ ಯಂತ್ರಕ್ಕೆ ವಹಿಸಿದ್ದು.

ಆ ಯಂತ್ರ ಕೊನೆಗೆ ಏನು ಹೇಳಿತು ಎಂಬುದು ಒಂದು ಪುಟದಲ್ಲಿ ಕಾಣಿಸುತ್ತದೆ. ನಾವು ಪ್ರೋಗ್ರಾಮರುಗಳು ಅದನ್ನು ಬಿಲ್ಡ್ ಸ್ಟೇಟಸ್ ಎನ್ನುತ್ತೇವೆ. ಎಲ್ಲ ಸರಿಯಿದ್ದರೆ ‘ಬಿಲ್ಡ್ ಗ್ರೀನ್ ಇದೆ’, ಕೆಟ್ಟಿದ್ದರೆ ‘ರೆಡ್ ಆಗಿದೆ’. ಯಂತ್ರ ಎಷ್ಟೇ ಪ್ರಾಮಾಣಿಕವಾಗಿ ಅಗುಳು ಹಿಚುಕಿದರೂ ಆ ಪುಟವನ್ನು ತೆರೆದು ನೋಡುವ ಕೆಲಸ ಮಾತ್ರ ಮನುಷ್ಯರದ್ದು. ನಾನು ಹೇಳಹೊರಟಿರುವುದು ಆ ಪುಟಕ್ಕೆ ಹೋಗುವ ಒಂದು ಕಾಲುದಾರಿಯ ಬಗ್ಗೆ. ಟರ್ಮಿನಲ್ ಎಂಬ, ಕೋಡ್ ಬರೆಯುವ ಕಪ್ಪು ಪರದೆಯಿಂದ ಏಳದೆ, ಎರಡು ಮೂರು ಪದ ಟೈಪಿಸಿ ಅದೇ ಪುಟವನ್ನು ತೆರೆಯುವ ಆಜ್ಞೆಯ ಬಗ್ಗೆ.

ಇದರ ಬೆಲೆ ನನಗೆ ಗೊತ್ತಾದದ್ದು 2014ರಲ್ಲಿ, ಬೆಂಗಳೂರಿನ ಒಂದು ಕಚೇರಿಯಲ್ಲಿ. ಶುಕ್ರವಾರ ಸಂಜೆ ಕೆಲಸ ಮುಗಿಸಿ, ನನ್ನ ಲ್ಯಾಪ್‌ಟಾಪಿನಲ್ಲಿ ಪರೀಕ್ಷೆಗಳೆಲ್ಲ ಪಾಸಾದದ್ದನ್ನು ನೋಡಿ, ಕೋಡನ್ನು ಎಲ್ಲರೂ ಹಂಚಿಕೊಳ್ಳುವ ಸರ್ವರಿಗೆ ಕಳಿಸುವ ‘ಗಿಟ್ ಪುಶ್’ ಕೊಟ್ಟು, ಶಿವಮೊಗ್ಗದ ಬಸ್ಸು ಹತ್ತಿದೆ. ಹೊಸದಾಗಿ ಬರೆದ ಒಂದು ಕಡತವನ್ನು ಕಮಿಟ್‌ಗೆ, ಅಂದರೆ ಕಳಿಸುವ ಬದಲಾವಣೆಗಳ ಕಟ್ಟಿಗೆ, ಸೇರಿಸುವುದನ್ನೇ ಮರೆತಿದ್ದೆ. ನನ್ನ ಯಂತ್ರದಲ್ಲಿ ಅದು ಇತ್ತು, ಹಾಗಾಗಿ ನನ್ನಲ್ಲಿ ಎಲ್ಲವೂ ಸರಿ. ಉಳಿದವರ ಬಳಿ ಆ ಕಡತವೇ ಇಲ್ಲ. ಏಳೆಂಟು ನಿಮಿಷದಲ್ಲಿ ಬಿಲ್ಡ್ ಪುಟ ಕೆಂಪಾಯಿತು. ಆ ಹೊತ್ತಿಗೆ ನಾನು ಕಿಟಕಿ ಪಕ್ಕದ ಸೀಟಿನಲ್ಲಿದ್ದೆ. ಶನಿವಾರ ಕೆಲಸಕ್ಕೆ ಕುಳಿತ ಮೂವರು, ತಪ್ಪು ತಮ್ಮದೇ ಇರಬೇಕೆಂದುಕೊಂಡು ತಮ್ಮ ತಮ್ಮ ಕೋಡನ್ನು ಹುಡುಕುತ್ತಾ ಮಧ್ಯಾಹ್ನ ಕಳೆದರು. ಅವರಲ್ಲೊಬ್ಬರಿಗೆ ಮನೆಯಲ್ಲಿ ಹುಷಾರಿಲ್ಲದ ಮಗುವಿತ್ತು ಎಂಬುದು ನನಗೆ ಆಮೇಲೆ ತಿಳಿಯಿತು.

ಸೋಮವಾರ ಬೆಳಿಗ್ಗೆ ತಂಡದ ಹಿರಿಯರೊಬ್ಬರು, ಹುಬ್ಬಳ್ಳಿ ಕಡೆಯವರು, ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕುಳಿತರು. ಬೈಯಲಿಲ್ಲ. ‘ಪುಶ್ ಮಾಡಿದ ಮ್ಯಾಲೆ ಒಮ್ಮೆ ನೋಡಬೇಕಲ್ರೀ. ನಮ್ ಕೆಲ್ಸ ಅಲ್ಲಿಗೇ ಮುಗೀತು ಅಂದ್ರ ಹೆಂಗ್ರೀ?’ ಎಂದರು ಅಷ್ಟೆ. ನೋಡಬೇಕೆಂದು ನನಗೂ ಗೊತ್ತಿತ್ತು ಎಂದೆ. ಬ್ರೌಸರಿಗೆ ಹೋಗಿ, ಬಿಲ್ಡ್ ನಡೆಸುವ ಜೆಂಕಿನ್ಸ್ ತಂತ್ರಾಂಶದ ವಿಳಾಸ ಹುಡುಕಿ, ನೂರಾರು ಹೆಸರುಗಳ ಪಟ್ಟಿಯಲ್ಲಿ ನಮ್ಮ ಪ್ರಾಜೆಕ್ಟ್ ಹಿಡಿದು, ಅದರೊಳಗೆ ನಾನು ಕೆಲಸ ಮಾಡುತ್ತಿದ್ದ ಕವಲನ್ನು, ಅಂದರೆ ಬ್ರಾಂಚನ್ನು ಹಿಡಿಯುವಷ್ಟರಲ್ಲಿ ಬಸ್ಸಿನ ಹೊತ್ತಾಗಿತ್ತು ಎಂದೆ. ಅವರು ನನ್ನ ಕೀಬೋರ್ಡು ತೆಗೆದುಕೊಂಡು ಐದಾರು ಸಾಲಿನ ಒಂದು ಸ್ಕ್ರಿಪ್ಟ್ ಬರೆದು, ಅದಕ್ಕೆ ಇಂಗ್ಲಿಷ್ ಅಕ್ಷರಗಳಲ್ಲಿ ‘ನೋಡು’ ಎಂದು ಹೆಸರಿಟ್ಟರು. ಪುಶ್ ಮಾಡಿದ ಅದೇ ಫೋಲ್ಡರಿನಲ್ಲಿ ನಿಂತು ‘ನೋಡು’ ಎಂದರೆ ನನ್ನ ಬ್ರಾಂಚಿನ ಬಿಲ್ಡ್ ಪುಟ ನೇರವಾಗಿ ತೆರೆದುಕೊಳ್ಳುತ್ತಿತ್ತು. ಅಲ್ಲಿಯವರೆಗೆ ನಾನು ದಿನಕ್ಕೊಮ್ಮೆ ನೋಡಿದರೆ ಹೆಚ್ಚು. ಆ ವಾರದಿಂದ ಪ್ರತಿ ಪುಶ್‌ಗೂ ನೋಡತೊಡಗಿದೆ. ನನ್ನ ಬುದ್ಧಿ ಒಂದು ವಾರದಲ್ಲಿ ಬದಲಾಗಿರಲಿಲ್ಲ, ದಾರಿ ಹತ್ತಿರವಾಗಿತ್ತು.

ಬಿಲ್ಡ್ ಮುರಿದವರ ಸಂಕಟ ಹಳೆಯದು. ನಾವು ಬಳಸುತ್ತಿದ್ದ ಜೆಂಕಿನ್ಸ್ ಹುಟ್ಟಿದ್ದೂ ಅದರಿಂದಲೇ. 2004ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿದ್ದ ಕೊಹ್ಸುಕೆ ಕವಾಗುಚಿ ಎಂಬ ಜಪಾನಿ ಪ್ರೋಗ್ರಾಮರ್, ತಾನು ಪದೇ ಪದೇ ಬಿಲ್ಡ್ ಮುರಿದು ಸಹೋದ್ಯೋಗಿಗಳ ಸಿಟ್ಟಿಗೆ ಗುರಿಯಾಗುವುದು ಸಾಕಾಗಿ, ತನ್ನ ಕೋಡನ್ನು ಮುಂಚೆಯೇ ಪರೀಕ್ಷಿಸಿ ಹೇಳುವ ಒಂದು ಸಣ್ಣ ತಂತ್ರಾಂಶ ಬರೆಯಲು ಕುಳಿತರು. ಅದರ ಹೆಸರು ಹಡ್ಸನ್. 2005ರಲ್ಲಿ ಬಿಡುಗಡೆಯಾಯಿತು. 2010ರಲ್ಲಿ ಸನ್ ಕಂಪನಿ ಒರಾಕಲ್ ಪಾಲಾದ ಮೇಲೆ ಹೆಸರಿನ ಹಕ್ಕು ಯಾರದೆಂಬ ತಕರಾರು ಎದ್ದು, 2011ರಲ್ಲಿ ಅದನ್ನು ಬೆಳೆಸಿದ ಸಮುದಾಯ ಮತ ಹಾಕಿ ಜೆಂಕಿನ್ಸ್ ಎಂದು ಹೊಸ ಹೆಸರಿಟ್ಟಿತು. ಬಹುಕಾಲ ಅದರ ಪುಟದಲ್ಲಿ ಪಾಸಾದ ಬಿಲ್ಡಿಗೆ ಹಸಿರು ಇರಲಿಲ್ಲ, ನೀಲಿ ಚೆಂಡು ಇತ್ತು. ಜಪಾನಿನಲ್ಲಿ ಸಿಗ್ನಲ್ಲಿನ ಹಸಿರು ದೀಪವನ್ನು ನೀಲಿಯ ಹೆಸರಿನಿಂದಲೇ ಕರೆಯುತ್ತಾರೆ. ಕವಾಗುಚಿಯವರ ಊರಿನ ಭಾಷೆ ಜಗತ್ತಿನ ಸಾವಿರಾರು ಕಚೇರಿಗಳ ಪರದೆಗೆ ಹಾಗೆ ಬಂದು ಕೂತಿತು. ಹಸಿರು ಬೇಕೆಂದವರಿಗೆ ಬೇರೆಯೇ ಪ್ಲಗಿನ್ ಇತ್ತು. ಈಚಿನ ಜೆಂಕಿನ್ಸ್‌ನಲ್ಲಿ ಹಸಿರೇ ಇದೆ. ಆ ನೀಲಿ ಹೋದದ್ದು ನನಗೆ ಸ್ವಲ್ಪ ಬೇಸರದ ಸಂಗತಿ.

ಅದಕ್ಕೂ ಮುಂಚೆ, 1998ರಲ್ಲಿ ನೆಟ್‌ಸ್ಕೇಪ್ ತನ್ನ ಬ್ರೌಸರಿನ ಕೋಡನ್ನು ಲೋಕಕ್ಕೆ ತೆರೆದು ಮೊಜಿಲ್ಲಾ ಯೋಜನೆ ಶುರುವಾದಾಗ, ಟಿಂಡರ್‌ಬಾಕ್ಸ್ ಎಂಬ ಪುಟವಿತ್ತು. ಒಂದೊಂದು ಯಂತ್ರಕ್ಕೂ ಒಂದೊಂದು ಕಂಬದಂಥ ಪಟ್ಟಿ, ಅದರಲ್ಲಿ ಹೊತ್ತಿನ ಪ್ರಕಾರ ಬಣ್ಣದ ಚೌಕಗಳು. ಕೆಂಪಾದರೆ ‘ಹೊತ್ತಿ ಉರಿಯುತ್ತಿದೆ’ ಎನ್ನುತ್ತಿದ್ದರು. ಆ ಪುಟವನ್ನು ಕಾಯಲೆಂದೇ ಸರದಿಯ ಮೇಲೆ ಒಬ್ಬರಿರುತ್ತಿದ್ದರು, ಅವರಿಗೆ ಶೆರಿಫ್ ಎಂದು ಹೆಸರು. 2004ರಲ್ಲಿ ಬಂದ ಮೈಕ್ ಕ್ಲಾರ್ಕ್ ಅವರ ಪುಸ್ತಕವೊಂದು ಬಿಲ್ಡ್ ಯಂತ್ರಕ್ಕೆ ಒಂದು ಹಸಿರು, ಒಂದು ಕೆಂಪು ಲಾವಾ ದೀಪ ಜೋಡಿಸುವ ಬಗೆಯನ್ನು ಹೇಳಿಕೊಟ್ಟಿತು. ಬಿಲ್ಡ್ ಕೆಟ್ಟರೆ ಕೆಂಪು ದೀಪ ಹೊತ್ತಿಕೊಳ್ಳುತ್ತದೆ, ದೀಪದೊಳಗಿನ ಮೇಣ ಕಾದು ಗುಳ್ಳೆಯೇಳಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಅಷ್ಟರೊಳಗೆ ಸರಿಪಡಿಸಿದರೆ ಗುಳ್ಳೆ ಏಳುವುದಿಲ್ಲ. ಎಲ್ಲರೂ ಒಂದೇ ಕೋಣೆಯಲ್ಲಿ ಕುಳಿತಿದ್ದ ಕಾಲದ ಉಪಾಯ ಅದು. ಒಬ್ಬರು ಮೈಸೂರಿನಲ್ಲಿ, ಒಬ್ಬರು ಮ್ಯೂನಿಕ್‌ನಲ್ಲಿ ಕುಳಿತು ಒಂದೇ ಕೋಡಿನ ಮೇಲೆ ಕೆಲಸ ಮಾಡುವಾಗ ಯಾರ ಮೇಜಿನ ಮೇಲೆ ದೀಪ ಇಡುವುದು? ದೀಪ ಪ್ರತಿಯೊಬ್ಬರ ಟರ್ಮಿನಲ್ಲಿಗೆ ಬರಬೇಕಾಯಿತು.

ಹಾಗೆ ಬಂದ ಆಜ್ಞೆಗಳಲ್ಲಿ ನನಗೆ ಬಹಳ ಇಷ್ಟವಾಗಿದ್ದದ್ದು ‘ಟ್ರಾವಿಸ್ ಓಪನ್’. ಟ್ರಾವಿಸ್ ಸಿಐ 2011ರಲ್ಲಿ ಬರ್ಲಿನ್‌ನಲ್ಲಿ ಶುರುವಾದ ಸೇವೆ. ಕೋಡ್ ಇಡುವ ತಾಣವಾದ ಗಿಟ್‌ಹಬ್‌ನಲ್ಲಿರುವ ಮುಕ್ತ ತಂತ್ರಾಂಶಗಳಿಗೆ ಬಿಲ್ಡ್ ಯಂತ್ರವನ್ನು ಪುಕ್ಕಟೆ ಕೊಡುತ್ತಿತ್ತು. ಸ್ವಂತ ಸರ್ವರ್ ಇಲ್ಲದ, ಸಂಬಳವಿಲ್ಲದೆ ರಾತ್ರಿ ಕುಳಿತು ಕೋಡ್ ಬರೆಯುವವರಿಗೆ ಅದು ಎಷ್ಟು ದೊಡ್ಡ ಆಸರೆಯಾಗಿತ್ತೆಂದು ಇಂದಿನವರಿಗೆ ಹೇಳಿದರೆ ಅರ್ಥವಾಗುವುದು ಕಷ್ಟ. ರೂಬಿ ಭಾಷೆಯಲ್ಲಿ ಬರೆದ ಅದರ ಟರ್ಮಿನಲ್ ಸಲಕರಣೆಯನ್ನು ಹಾಕಿಕೊಂಡು, ಪ್ರಾಜೆಕ್ಟಿನ ಫೋಲ್ಡರಿನಲ್ಲಿ ‘ಟ್ರಾವಿಸ್ ಓಪನ್’ ಎಂದರೆ ಬಿಲ್ಡ್ ಪುಟ ತೆರೆಯುತ್ತಿತ್ತು. ಮುಂದೆ 56 ಎಂದು ಸಂಖ್ಯೆ ಕೊಟ್ಟರೆ 56ನೇ ಬಿಲ್ಡ್, 56.1 ಎಂದರೆ ಅದರೊಳಗಿನ ಮೊದಲ ಜಾಬ್. ಬ್ರೌಸರ್ ಬೇಡ, ವಿಳಾಸ ಮಾತ್ರ ಸಾಕು ಎಂದರೆ ‘ಪ್ರಿಂಟ್’ ಎಂಬ ಆಯ್ಕೆ. 2019ರ ಜನವರಿಯಲ್ಲಿ ಆ ಕಂಪನಿ ಬೇರೆಯವರ ಕೈಗೆ ಹೋಯಿತು. 2021ರ ಜೂನ್‌ನಲ್ಲಿ ಮುಕ್ತ ತಂತ್ರಾಂಶಗಳಿಗೆಂದು ಇದ್ದ ಅದರ ಹಳೆಯ ತಾಣ ಮುಚ್ಚಿತು. ಕೈಬಿಟ್ಟ ಎಷ್ಟೋ ಹಳೆಯ ಪ್ರಾಜೆಕ್ಟುಗಳ ಮೊದಲ ಪುಟದಲ್ಲಿ ಟ್ರಾವಿಸ್‌ನ ಬಿಲ್ಲೆ ಇವತ್ತೂ ಅಂಟಿಕೊಂಡಿದೆ. ಒತ್ತಿದರೆ ಹೋಗಲು ಜಾಗವಿಲ್ಲ.

ಟ್ರಾವಿಸ್ ಬಿಟ್ಟವರಲ್ಲಿ ಬಹುಪಾಲು ಜನ ಹೋದದ್ದು ಗಿಟ್‌ಹಬ್‌ನದೇ ಬಿಲ್ಡ್ ಸೇವೆಯಾದ ಗಿಟ್‌ಹಬ್ ಆ್ಯಕ್ಷನ್ಸ್‌ಗೆ. 2018ರಲ್ಲಿ ಘೋಷಣೆಯಾಗಿ, 2019ರ ನವೆಂಬರಿನಲ್ಲಿ ಎಲ್ಲರಿಗೂ ತೆರೆಯಿತು. ಗಿಟ್‌ಹಬ್‌ನ ಟರ್ಮಿನಲ್ ಸಲಕರಣೆ ‘ಜಿಎಚ್’ ತನ್ನ ಮೊದಲ ಪೂರ್ಣ ಆವೃತ್ತಿ ಕಂಡದ್ದು 2020ರ ಸೆಪ್ಟೆಂಬರಿನಲ್ಲಿ. ಬಿಲ್ಡ್‌ಗಳನ್ನು ನೋಡುವ ಆಜ್ಞೆಗಳು ಅದಕ್ಕೆ ಸೇರಿದ್ದು 2021ರ ಏಪ್ರಿಲ್‌ನಲ್ಲಿ. ‘ಜಿಎಚ್ ರನ್ ಲಿಸ್ಟ್’ ಎಂದರೆ ಈಚಿನ ಬಿಲ್ಡ್‌ಗಳ ಪಟ್ಟಿ. ‘ಜಿಎಚ್ ರನ್ ವಾಚ್’ ಎಂದರೆ ನಡೆಯುತ್ತಿರುವ ಬಿಲ್ಡ್ ಮುಗಿಯುವವರೆಗೆ ಪರದೆಯಲ್ಲೇ ಕಾದು ತೋರಿಸುತ್ತದೆ. ‘ಜಿಎಚ್ ರನ್ ವ್ಯೂ’ ಬರೆದು ಎರಡು ಅಡ್ಡಗೆರೆ ಹಾಕಿ ‘ವೆಬ್’ ಎಂದರೆ ಬ್ರೌಸರಿನಲ್ಲಿ ಆ ಪುಟ.

ಈ ಆಜ್ಞೆಗೆ ನಮ್ಮ ಪುಟ ಯಾವುದೆಂದು ತಿಳಿಯುವುದು ಹೇಗೆ ಎಂಬುದನ್ನು ಒಮ್ಮೆ ಬಿಡಿಸಿ ನೋಡಿದರೆ ಅದರ ಮೇಲಿನ ಭಯ ಹೋಗುತ್ತದೆ. ಪ್ರತಿ ಪ್ರಾಜೆಕ್ಟಿನ ಫೋಲ್ಡರಿನಲ್ಲಿ ಚುಕ್ಕೆಯಿಂದ ಶುರುವಾಗುವ ಹೆಸರಿನ ಒಂದು ಮರೆಯ ಫೋಲ್ಡರ್ ಇರುತ್ತದೆ. ಈ ಕೋಡ್ ಯಾವ ಊರಿನಿಂದ ಬಂತು, ಅಂದರೆ ಯಾವ ಸರ್ವರಿನ ಯಾವ ವಿಳಾಸದಿಂದ ಇಳಿಯಿತು ಎಂಬುದನ್ನು ಗಿಟ್ ಅಲ್ಲಿ ‘ಆರಿಜಿನ್’ ಎಂಬ ಹೆಸರಿನಲ್ಲಿ ಬರೆದಿಟ್ಟಿರುತ್ತದೆ. ಆ ವಿಳಾಸ ಎರಡು ರೂಪದಲ್ಲಿರಬಹುದು. ಒಂದು ಬ್ರೌಸರಿಗೆ ಅರ್ಥವಾಗುವಂಥದ್ದು, ಇನ್ನೊಂದು ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಹೋಗುವ ದಾರಿಯಾದ ಎಸ್‌ಎಸ್‌ಎಚ್‌ಗೆ ಮಾತ್ರ ಅರ್ಥವಾಗುವಂಥದ್ದು. ಎರಡನೆಯದಾದರೆ ನಡುವಿನ ವಿಸರ್ಗದಂಥ ಎರಡು ಚುಕ್ಕೆ ತೆಗೆದು ಓರೆಗೆರೆ ಹಾಕಬೇಕು, ಬಾಲದಲ್ಲಿರುವ ‘ಡಾಟ್ ಗಿಟ್’ ಕತ್ತರಿಸಬೇಕು. ಆಮೇಲೆ ನಾವೀಗ ಯಾವ ಬ್ರಾಂಚಿನಲ್ಲಿದ್ದೇವೆ ಎಂದು ಗಿಟ್ಟನ್ನೇ ಕೇಳಿ ವಿಳಾಸಕ್ಕೆ ಸೇರಿಸಬೇಕು. ಕೊನೆಗೆ ಸಿದ್ಧವಾದ ವಿಳಾಸವನ್ನು ಆಪರೇಟಿಂಗ್ ಸಿಸ್ಟಮ್‌ನ ಕೈಗೆ ಕೊಡಬೇಕು. ಮ್ಯಾಕ್‌ನಲ್ಲಿ ಅದಕ್ಕೆ ‘ಓಪನ್’ ಇದೆ, ನೆಕ್ಸ್ಟ್‌ಸ್ಟೆಪ್ ಕಾಲದಿಂದ ಬಂದದ್ದು. ವಿಂಡೋಸ್‌ನಲ್ಲಿ ‘ಸ್ಟಾರ್ಟ್’. ಲಿನಕ್ಸ್‌ನಲ್ಲಿ ‘ಎಕ್ಸ್‌ಡಿಜಿ ಓಪನ್’. ಲಿನಕ್ಸ್‌ನಲ್ಲಿ ಒಬ್ಬೊಬ್ಬರ ಡೆಸ್ಕ್‌ಟಾಪ್ ಒಂದೊಂದು ಥರ ಇರುವುದರಿಂದ, ಯಾರದ್ದು ಯಾವುದು ಎಂದು ವಿಚಾರಿಸಿ ಸರಿಯಾದ ಬ್ರೌಸರನ್ನು ಎಬ್ಬಿಸುವ ಮಧ್ಯಸ್ಥ ಅದು. ಹುಬ್ಬಳ್ಳಿಯ ಆ ಹಿರಿಯರು ಬರೆದ ಐದಾರು ಸಾಲುಗಳಲ್ಲಿ ಇದ್ದದ್ದು ಇಷ್ಟೇ. ದೊಡ್ಡ ಸಲಕರಣೆಗಳೂ ಇದರ ಜತೆಗೆ ಸರ್ವರನ್ನು ಮಾತಾಡಿಸಿ ಬಿಲ್ಡಿನ ಸಂಖ್ಯೆ ತಿಳಿದುಕೊಳ್ಳುತ್ತವೆ, ಅಷ್ಟು ಹೆಚ್ಚು.

ಈ ಕಾಲುದಾರಿಯಲ್ಲಿ ಎಡವುವ ಕಲ್ಲುಗಳೂ ಇವೆ. ಬೇರೆಯವರ ಪ್ರಾಜೆಕ್ಟಿನ ನಕಲನ್ನು, ಅಂದರೆ ಫೋರ್ಕನ್ನು ಇಳಿಸಿಕೊಂಡಿದ್ದರೆ ಆರಿಜಿನ್ ಎಂಬುದು ನಮ್ಮದೇ ನಕಲಿನ ವಿಳಾಸ. ಪರೀಕ್ಷೆ ನಡೆಯುವುದು ಮೂಲದ ಮನೆಯಲ್ಲಿ, ನಾವು ಬಾಗಿಲು ತೆರೆದು ನೋಡುವುದು ನಮ್ಮ ಖಾಲಿ ಮನೆಯನ್ನು. ಯಾವುದು ಮೂಲ ಎಂದು ಜಿಎಚ್‌ಗೆ ಒಮ್ಮೆ ಹೇಳಿಟ್ಟರೆ ಈ ತೊಡಕಿಲ್ಲ. ದೂರದ ಸರ್ವರಿಗೆ ಎಸ್‌ಎಸ್‌ಎಚ್ ಮೂಲಕ ಹೋಗಿ ಕೆಲಸ ಮಾಡುವಾಗ ಅಲ್ಲಿ ಬ್ರೌಸರೇ ಇರುವುದಿಲ್ಲ. ಆಗ ವಿಳಾಸವನ್ನು ಪರದೆಗೆ ಬರೆಸಿಕೊಂಡು ನಮ್ಮ ಯಂತ್ರದಲ್ಲಿ ತೆರೆಯುವುದೇ ಸರಿ.

ಎಲ್ಲಕ್ಕಿಂತ ಮೋಸದ ಕಲ್ಲು ಹಳೆಯ ಹಸಿರು. ಪುಶ್ ಮಾಡಿದ ಮರುಕ್ಷಣ ಪುಟ ತೆರೆದರೆ ಹೊಸ ಬಿಲ್ಡ್ ಇನ್ನೂ ಸರದಿಗೇ ಬಂದಿರುವುದಿಲ್ಲ. ಮೇಲ್ಗಡೆ ಕಾಣುವುದು ಮಧ್ಯಾಹ್ನದ ಬಿಲ್ಡ್. ಅದು ಹಸಿರಾಗಿರುತ್ತದೆ. ನೋಡಿದೆ ಎಂಬ ಸಮಾಧಾನದಲ್ಲಿ ಲ್ಯಾಪ್‌ಟಾಪ್ ಮುಚ್ಚುತ್ತೇವೆ. ನೋಡದೆ ಹೋದವರಿಗೆ ಕನಿಷ್ಠ ತಾವು ನೋಡಿಲ್ಲವೆಂಬ ಅಳುಕಾದರೂ ಇರುತ್ತದೆ, ಹಳೆಯ ಹಸಿರು ನೋಡಿದವರಿಗೆ ಅದೂ ಇರುವುದಿಲ್ಲ. ಇದು ನನಗೆ ಎರಡು ಸಲ ಆಗಿದೆ, ಎರಡು ಸಲವೂ ಬೇರೆಯವರ ಹೊತ್ತು ಹಾಳಾಗಿದೆ. ಇದಕ್ಕೆ ಮದ್ದು ಕಮಿಟ್‌ನ ಗುರುತು. ಗಿಟ್ ಪ್ರತಿ ಕಮಿಟ್‌ಗೆ 40 ಅಂಕಿ ಅಕ್ಷರಗಳ ಒಂದು ಗುರುತು ಕೊಡುತ್ತದೆ. ಮೊದಲ 7ನ್ನು ಓದಿ ಪುಟದಲ್ಲಿರುವುದರ ಜತೆ ಹೋಲಿಸಿದರೆ ಸಾಕು. ಸ್ಕ್ರಿಪ್ಟ್ ಬರೆಯುವವರು ಬ್ರಾಂಚಿನ ಪುಟದ ಬದಲು ಆ ಕಮಿಟ್‌ನ ಪುಟವನ್ನೇ ತೆರೆಯುವಂತೆ ಬರೆದರೆ ಇನ್ನೂ ಒಳ್ಳೆಯದು. ನನ್ನ ‘ನೋಡು’ ಈಗ ಹಾಗೇ ಇದೆ.

ಕೆಂಪು, ಹಸಿರು ಎಂದು ಇಷ್ಟು ಹೊತ್ತು ಸಲೀಸಾಗಿ ಹೇಳುತ್ತಾ ಬಂದೆ. ಆ ಎರಡು ಬಣ್ಣಗಳ ನಡುವಿನ ವ್ಯತ್ಯಾಸವೇ ಕಾಣದವರು ನಮ್ಮ ನಡುವೆ ಕೆಲಸ ಮಾಡುತ್ತಿರುತ್ತಾರೆ. ಯುರೋಪ್ ಮೂಲದ ಗಂಡಸರಲ್ಲಿ 100ಕ್ಕೆ ಸುಮಾರು 8 ಜನಕ್ಕೆ ಈ ತೊಂದರೆಯಿದೆ. ಎರಡೂ ಚುಕ್ಕೆ ಒಂದೇ ಮಬ್ಬು ಬಣ್ಣವಾಗಿ ಕಾಣುವವರಿಗೆ ಬಣ್ಣದ ಪುಟದಿಂದ ಏನು ಪ್ರಯೋಜನ? ಜಿಎಚ್‌ನ ಪಟ್ಟಿಯಲ್ಲಿ ಬಣ್ಣದ ಜತೆಗೆ ಸರಿ ಗುರುತು, ಕತ್ತರಿ ಗುರುತು ಇರುತ್ತವೆ. ಅದರ ಉತ್ತರವನ್ನು ಇನ್ನೊಂದು ಆಜ್ಞೆಗೆ ದಾಟಿಸಿದರೆ ಗುರುತೂ ಹೋಗಿ ‘ಸಕ್ಸೆಸ್’, ‘ಫೇಲ್ಯೂರ್’ ಎಂಬ ಪದಗಳೇ ಬರುತ್ತವೆ. ಕಣ್ಣು ಕಾಣದ ಪ್ರೋಗ್ರಾಮರುಗಳಿಗೆ ಇದು ದೊಡ್ಡದು. ಅವರ ಸ್ಕ್ರೀನ್ ರೀಡರ್ ಒಂದು ವೆಬ್ ಪುಟದ ಕೊಂಡಿ, ಗುಂಡಿ, ಪಟ್ಟಿಗಳನ್ನೆಲ್ಲ ಓದುತ್ತಾ ಫಲಿತಾಂಶಕ್ಕೆ ಬರುವಷ್ಟರಲ್ಲಿ, ಟರ್ಮಿನಲ್ಲಿನ ಒಂದು ಸಾಲನ್ನು ಹತ್ತು ಸಲ ಓದಿ ಮುಗಿಸುತ್ತದೆ. ವಾಚ್ ಆಜ್ಞೆಗೆ ‘ಎಕ್ಸಿಟ್ ಸ್ಟೇಟಸ್’ ಎಂಬ ಆಯ್ಕೆ ಕೊಟ್ಟು, ಬಿಲ್ಡ್ ಕೆಟ್ಟರೆ ಕಂಪ್ಯೂಟರ್ ಒಂದು ಸದ್ದು ಮಾಡುವಂತೆಯೂ ಇಟ್ಟುಕೊಳ್ಳಬಹುದು. ಹಾಗಾಗಿ ಪುಟ ತೆರೆಯುವ ಆಜ್ಞೆಯ ಪಕ್ಕದಲ್ಲಿ, ಪುಟವೇ ಬೇಕಿಲ್ಲದ ಆಜ್ಞೆಯೂ ಇರಬೇಕೆಂದು ನಾನು ಹಟ ಹಿಡಿಯುತ್ತೇನೆ.

ಆದರೆ ಬಿಲ್ಡ್ ಕೆಟ್ಟಾಗ ನನಗೆ ಪುಟವೇ ಬೇಕು. ಯಾವ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಪಾಸಾಗಿ ಯಾವುದರಲ್ಲಿ ಕೈಕೊಟ್ಟಿತು, ನಿನ್ನೆ ಅದೇ ಪರೀಕ್ಷೆ ಹೇಗಿತ್ತು ಎಂದು ಅಕ್ಕಪಕ್ಕ ಇಟ್ಟು ನೋಡಲು ಅಗಲವಾದ ಪರದೆಯೇ ಸರಿ. ಆ ಪುಟದ ವಿಳಾಸವನ್ನು ಇನ್ನೊಬ್ಬರಿಗೆ ಕಳಿಸಿದರೆ ಇಬ್ಬರೂ ಒಂದೇ ಸಾಲಿನ ಮೇಲೆ ಬೆರಳಿಟ್ಟು ಮಾತಾಡಬಹುದು. ಗಿಟ್‌ಹಬ್ ಬಿಲ್ಡ್ ನಡೆದ ಈ ದಾಖಲೆಗಳನ್ನು, ಅಂದರೆ ಲಾಗ್‌ಗಳನ್ನು ಸಾಮಾನ್ಯವಾಗಿ 90 ದಿನ ಇಟ್ಟುಕೊಂಡಿರುತ್ತದೆ. ಆಮೇಲೆ ಅಳಿಸುತ್ತದೆ.

ಹಾರ್ಫ್‌ಬಜ್‌ನ ಕೋಡನ್ನು ನಾನು ನನ್ನ ಯಂತ್ರಕ್ಕೆ ಇಳಿಸಿಕೊಂಡಿದ್ದೇನೆ. ಅದಕ್ಕೆ ಒಂದು ಸಾಲನ್ನೂ ಬರೆದವನಲ್ಲ. ಆಗೀಗ ಆ ಫೋಲ್ಡರಿಗೆ ಹೋಗಿ ‘ಜಿಎಚ್ ರನ್ ಲಿಸ್ಟ್’ ಕೊಡುತ್ತೇನೆ. ಯಾರದೋ ತಿದ್ದುಪಡಿ, ಯಾವುದೋ ಬ್ರಾಂಚ್, ಸಾಲು ಸಾಲಾಗಿ ಸರಿ ಗುರುತುಗಳು, ನಡುವೆ ಎಲ್ಲಾದರೂ ಒಂದು ಕತ್ತರಿ. ಕತ್ತರಿ ಕಂಡರೆ ಪುಟ ತೆರೆದು, ಕೆಟ್ಟದ್ದು ಯಾವ ಪರೀಕ್ಷೆ ಎಂದು ನೋಡುತ್ತೇನೆ. ನಮ್ಮ ಅರ್ಕಾವೊತ್ತಿನದ್ದಲ್ಲ ಎಂದು ಖಾತ್ರಿಯಾದ ಮೇಲೆ ಮುಚ್ಚುತ್ತೇನೆ. ಅದನ್ನು ಮಾಡಲು ಯಾರ ಅಪ್ಪಣೆಯೂ ಬೇಕಿಲ್ಲ. ಆ ಪುಟ ಎಲ್ಲರಿಗೂ ತೆರೆದದ್ದು.

ಶುಕ್ರವಾರ ಊರಿಗೆ ಹೋಗುವುದಿದ್ದರೆ ಈಗಲೂ ಶಿವಮೊಗ್ಗದ ಬಸ್ಸನ್ನೇ ಹಿಡಿಯುತ್ತೇನೆ. ಮುಂಚೆ ರಾತ್ರಿ 9ರದ್ದಕ್ಕೆ ಟಿಕೆಟ್ ತೆಗೆಯುತ್ತಿದ್ದೆ, ಈಗ 11ರದ್ದಕ್ಕೆ ತೆಗೆಯುತ್ತೇನೆ.